ಹಚ್ಚೆಗೆ ನಾಲ್ಕು ಅಂಕ: ಸಂಕೇತ ಓದುವವರ ಹೊಣೆ

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ವೇಳೆ ನಡೆಯುವ ಕಾರಣಿಕವನ್ನು ಕಂಡವರಿಗೆ ಅದರ ಕ್ರಮ ಗೊತ್ತು. ವ್ರತದಲ್ಲಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರುತ್ತಾನೆ. ನೆರೆದ ಜನಸಾಗರವನ್ನು ಒಂದು ಕೂಗಿನಿಂದ ಮೌನಕ್ಕೆ ತಂದು, ಒಂದೇ ಒಂದು ವಾಕ್ಯ ನುಡಿದು ಕೆಳಕ್ಕೆ ಬೀಳುತ್ತಾನೆ. ಅವನ ಕೆಲಸ ಅಲ್ಲಿಗೆ ಮುಗಿಯಿತು. ಅರ್ಥ ಬಿಡಿಸುವುದು ಅವನ ಹೊಣೆಯಲ್ಲ. ಆ ಒಂದು ವಾಕ್ಯದಲ್ಲಿ ರೈತ ಮುಂಗಾರಿನ ಮಳೆಯನ್ನು ಕಾಣುತ್ತಾನೆ, ವರ್ತಕ ಧಾರಣೆಯ ಏರಿಳಿತವನ್ನು ಕಾಣುತ್ತಾನೆ, ರಾಜಕಾರಣಿ ವಿಧಾನಸೌಧದ ಕುರ್ಚಿಯನ್ನು ಕಾಣುತ್ತಾನೆ. ಮರುದಿನದ ಪತ್ರಿಕೆಗಳಲ್ಲಿ ಈ ಮೂರೂ ಅರ್ಥಗಳು ಒಂದರ ಪಕ್ಕ ಒಂದು ಅಚ್ಚಾಗುತ್ತವೆ. ಯಾರ ವ್ಯಾಖ್ಯಾನ ಹುಸಿಯಾದರೂ ಯಾರೂ ಸೆರೆಮನೆಗೆ ಹೋಗುವುದಿಲ್ಲ.

ಸಂಕೇತಗಳ ಅರ್ಥ ಹೇಳುವುದೇ ಸಂಬಳದ ಉದ್ಯೋಗವಾದಾಗ, ಆ ಅರ್ಥದ ಹಿಂದೆ ಪ್ರಭುತ್ವದ ಮೊಹರು ಬಿದ್ದಾಗ, ಪರಿಸ್ಥಿತಿ ಹೀಗಿರುವುದಿಲ್ಲ. 2025ರ ಮಾರ್ಚ್ 15ರಂದು ಅಮೆರಿಕದ ಆಡಳಿತ ಇನ್ನೂರಕ್ಕೂ ಹೆಚ್ಚು ವೆನೆಜುವೆಲಾ ಪ್ರಜೆಗಳನ್ನು ವಿಮಾನಗಳಿಗೆ ತುಂಬಿ ಎಲ್ ಸಾಲ್ವಡಾರ್‌ನ ‘ಸೆಕಾಟ್’ ಎಂಬ ದೈತ್ಯ ಬಂದೀಖಾನೆಗೆ ರವಾನಿಸಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಮೇಲೆ ಪ್ರಯೋಗವಾದದ್ದು 1798ರಷ್ಟು ಹಳೆಯದಾದ ಶತ್ರು ವಿದೇಶೀಯರ ಕಾಯ್ದೆ. ಅವರೆಲ್ಲ ‘ತ್ರೆನ್ ದೆ ಅರಾಗ್ವಾ’ ಎಂಬ ಪಾತಕಿಗಳ ಗುಂಪಿಗೆ ಸೇರಿದವರು ಎಂಬುದು ಆರೋಪ. ಆರೋಪ ನಿರ್ಧಾರವಾದ ಬಗೆ ಹೇಗೆ? ನ್ಯಾಯಾಲಯದ ಕಡತದ ಮೂಲಕ ಹೊರಬಂದ ಮಾರ್ಗಸೂಚಿಯೊಂದು ಅದನ್ನು ತಿಳಿಸಿತು. ಅದು ಶಾಲೆಯ ಅಂಕಪಟ್ಟಿಯಂಥದು. ಗುಂಪಿನ ನಿಷ್ಠೆಯನ್ನು ಸೂಚಿಸುವ ಹಚ್ಚೆ ಇದ್ದರೆ ನಾಲ್ಕು ಅಂಕ. ಗುಂಪಿನ ಲಾಂಛನ, ಚಿತ್ರ ಅಥವಾ ಉಡುಪು ಧರಿಸಿದ್ದರೆ ಮತ್ತೆ ನಾಲ್ಕು. ಎಂಟು ಅಂಕ ಮುಟ್ಟಿದವನು ಶತ್ರು. ಕೇವಲ ಸಂಕೇತಗಳಿಂದಲೇ ಅಂಕ ಕೂಡಿದ್ದರೆ ಮೇಲಧಿಕಾರಿಯನ್ನೂ ಕಾನೂನು ವಿಭಾಗವನ್ನೂ ಕೇಳಬೇಕೆಂಬ ಷರತ್ತು ಅದರಲ್ಲಿತ್ತು ಎಂಬುದನ್ನು ನ್ಯಾಯವಾಗಿ ಹೇಳಬೇಕು. ಆ ಷರತ್ತು ಎಷ್ಟರಮಟ್ಟಿಗೆ ಕಾಪಾಡಿತೆಂಬುದಕ್ಕೆ ಮುಂದಿನ ಸಂಗತಿಗಳೇ ಸಾಕ್ಷಿ.

ಹೀಗೆ ಹೋದವರಲ್ಲಿ ಒಬ್ಬ ಮುಖಾಲಂಕಾರದ ಕಲಾವಿದ. ಅವನ ಎರಡು ಮಣಿಕಟ್ಟುಗಳ ಮೇಲೆ ಎರಡು ಕಿರೀಟ. ಒಂದರ ಜೊತೆ ಅಮ್ಮ, ಇನ್ನೊಂದರ ಜೊತೆ ಅಪ್ಪ ಎಂಬ ಬರಹ. ಅವನೂರಿನಲ್ಲಿ ಕ್ರೈಸ್ತರ ಮೂವರು ರಾಜರ ಹಬ್ಬ ವರ್ಷವರ್ಷವೂ ನಡೆಯುತ್ತದೆ. ಕಿರೀಟ ಅಲ್ಲಿ ಊರ ಹಬ್ಬದ ಗುರುತು. ಇನ್ನೊಬ್ಬ ಫುಟ್‌ಬಾಲ್ ಆಟಗಾರ. ಚೆಂಡಿನ ಮೇಲೆ ಕಿರೀಟವಿರುವ ಅವನ ಹಚ್ಚೆ ರಿಯಲ್ ಮ್ಯಾಡ್ರಿಡ್ ತಂಡದ ಲಾಂಛನವನ್ನು ಹೋಲುವಂಥದೆಂದು ವಕೀಲರು ವಾದಿಸಿದರು. ಆ ಪಾತಕಿ ಗುಂಪಿನ ಬಗ್ಗೆ ಪುಸ್ತಕವನ್ನೇ ಬರೆದಿರುವ ವೆನೆಜುವೆಲಾದ ಪತ್ರಕರ್ತೆ ರೊನ್ನಾ ರಿಸ್ಕೆಸ್ ಸೇರಿದಂತೆ ಬಲ್ಲವರು ಹೇಳಿದ್ದು ಒಂದೇ ಮಾತು: ಈ ಗುಂಪಿಗೆ ಸದಸ್ಯತ್ವದ ಹಚ್ಚೆ ಎಂಬುದೇ ಇಲ್ಲ. ಹಾಗಾದರೆ ಹಚ್ಚೆಯ ಕಲ್ಪನೆ ಎಲ್ಲಿಂದ ಬಂತು? ಮಧ್ಯ ಅಮೆರಿಕದ ‘ಎಂಎಸ್-13’ ಮುಂತಾದ ಗುಂಪುಗಳಲ್ಲಿ ಒಂದು ಕಾಲಕ್ಕೆ ಮುಖದ ತುಂಬ ಹಚ್ಚೆ ಹೊಯ್ಸಿಕೊಳ್ಳುವುದು ನಿಷ್ಠೆಯ ದೀಕ್ಷೆಯೇ ಆಗಿತ್ತು. ಒಂದು ದೇಶದ ಸಂಕೇತಗಳ ಕೀಲಿಯಿಂದ ಇನ್ನೊಂದು ದೇಶದ ಬೀಗವನ್ನು ತೆರೆಯಲು ಹೊರಟಿದ್ದರು. 2025ರ ಜುಲೈನಲ್ಲಿ ಕೈದಿಗಳ ವಿನಿಮಯದ ಒಪ್ಪಂದದಂತೆ 252 ಮಂದಿ ವೆನೆಜುವೆಲಾಕ್ಕೆ ಮರಳಿದರು. ನಾಲ್ಕು ತಿಂಗಳ ಸೆರೆವಾಸವನ್ನು ಅವರಿಗೆ ಮರಳಿಸುವವರು ಯಾರೂ ಇರಲಿಲ್ಲ.

ಇದನ್ನು ವಲಸೆ ನೀತಿಯ ಕ್ರೌರ್ಯವೆಂದು ಮಾತ್ರ ನೋಡುವುದು ವಾಡಿಕೆ. ನನಗೆ ಇದು ಒಂದು ವೃತ್ತಿಯ ಪ್ರಶ್ನೆಯಾಗಿಯೂ ಕಾಣುತ್ತದೆ. ಸಂಸ್ಕೃತಿಯ ಗುರುತುಗಳನ್ನು ಓದಿ ಅರ್ಥ ಹೇಳುವ ವೃತ್ತಿ ಜಗತ್ತಿನಲ್ಲಿ ಸದ್ದಿಲ್ಲದೆ ಬೆಳೆದು ನಿಂತಿದೆ. ಜಾಹೀರಾತು ಸಂಸ್ಥೆಗಳಲ್ಲಿ, ಮಾರುಕಟ್ಟೆ ಸಮೀಕ್ಷೆಯ ಕಂಪನಿಗಳಲ್ಲಿ, ಪೊಲೀಸ್ ಠಾಣೆಗಳಲ್ಲಿ, ವೀಸಾ ಕಚೇರಿಗಳಲ್ಲಿ, ನ್ಯಾಯಾಲಯಗಳ ಸಾಕ್ಷಿಕಟ್ಟೆಯಲ್ಲಿ ಅಂಥವರಿದ್ದಾರೆ. ಕೆಲವರಿಗೆ ಆ ಹೆಸರಿದೆ, ಹಲವರಿಗೆ ಹೆಸರಿಲ್ಲದೆ ಅಧಿಕಾರ ಮಾತ್ರವಿದೆ. ಈ ವೃತ್ತಿಗೆ ಯಾವ ಶಿಸ್ತು ಬೇಕು, ತಪ್ಪು ಓದಿಗೆ ಹೊಣೆ ಯಾರದು ಎಂಬ ಚರ್ಚೆ ಮಾತ್ರ ಎಲ್ಲೂ ನಡೆದಂತಿಲ್ಲ.

ಶಾಸ್ತ್ರವೇನೂ ಹೊಸದಲ್ಲ. ಸಂಕೇತ ವಿಜ್ಞಾನ, ಅಂದರೆ ಸೆಮಿಯಾಟಿಕ್ಸ್, ಪಾಶ್ಚಾತ್ಯರಲ್ಲಿ ತನ್ನ ಆಧುನಿಕ ವಂಶಾವಳಿಯನ್ನು ಅಮೆರಿಕದ ಚಾರ್ಲ್ಸ್ ಪರ್ಸ್ ಮತ್ತು ಜಿನೀವಾದ ಭಾಷಾವಿಜ್ಞಾನಿ ಫರ್ಡಿನಾಂಡ್ ಡಿ ಸಸ್ಸೂರ್ ಅವರಿಂದ ಆರಂಭಿಸುತ್ತದೆ. ಸಸ್ಸೂರನ ಉಪನ್ಯಾಸಗಳು ಅವನ ಮರಣಾನಂತರ 1916ರಲ್ಲಿ ಗ್ರಂಥರೂಪ ತಾಳಿದವು. ಸೂಚಕಕ್ಕೂ ಸೂಚಿತಕ್ಕೂ ಸಹಜ ಸಂಬಂಧವಿಲ್ಲ, ಅದು ಸಮಾಜದ ಒಡಂಬಡಿಕೆ ಎಂಬುದು ಅವನ ತಿಳಿವಿನ ತಿರುಳು. ನಮ್ಮವರಿಗೆ ಈ ಮಾತು ತೀರ ಅಪರಿಚಿತವಲ್ಲ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ಧ್ವನಿಯನ್ನು ಕಾವ್ಯದ ಆತ್ಮವೆಂದು ಸಾಧಿಸುತ್ತಿದ್ದ ಆಸುಪಾಸಿನಲ್ಲೇ ಕನ್ನಡದ ಕವಿರಾಜಮಾರ್ಗವೂ ಧ್ವನಿಯನ್ನು ಅಲಂಕಾರಗಳ ಸಾಲಿನಲ್ಲಿ ಎಣಿಸಿತ್ತು. ವಾಚ್ಯಾರ್ಥ ಎಲ್ಲಿ ಮುಗಿಯುತ್ತದೆ, ವ್ಯಂಗ್ಯಾರ್ಥ ಎಲ್ಲಿ ಹುಟ್ಟುತ್ತದೆ ಎಂಬುದನ್ನು ನಮ್ಮ ಮೀಮಾಂಸಕರು ತಲೆಮಾರುಗಳ ಕಾಲ ಚರ್ಚಿಸಿದರು. ಧ್ವನಿಯನ್ನು ಹಿಡಿಯಬಲ್ಲವನಿಗೆ ‘ಸಹೃದಯ’ ಎಂಬ ಹೆಸರನ್ನೇ ಕೊಟ್ಟರು. ಆ ಸಹೃದಯನ ಬಗ್ಗೆ ಮುಂದೆ ಮತ್ತೆ ಹೇಳಬೇಕಾಗುತ್ತದೆ.

ಶಾಸ್ತ್ರವನ್ನು ಬೀದಿಗೆ ತಂದವನು ಫ್ರಾನ್ಸಿನ ರೊಲಾಂ ಬಾರ್ಥ್. 1957ರ ‘ಮಿಥಾಲಜೀಸ್’ ಕೃತಿಯಲ್ಲಿ ಅವನು ಕುಸ್ತಿಪಂದ್ಯ, ಸಾಬೂನಿನ ಪುಡಿ, ಗೋಮಾಂಸ ಮತ್ತು ದ್ರಾಕ್ಷಾರಸಗಳನ್ನು ಗಂಭೀರ ಕಾವ್ಯಗಳನ್ನು ಓದುವ ಎಚ್ಚರದಿಂದ ಓದಿದ. ಆದರೆ ಈ ವೃತ್ತಿಯ ಬೀಜ ಇರುವುದು ಅವನು 1964ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ. ‘ಪಂಜಾನಿ’ ಎಂಬ ಶ್ಯಾವಿಗೆ ಮಾದರಿಯ ಪಾಸ್ತಾದ ಜಾಹೀರಾತೊಂದನ್ನು ಅವನು ಮುಂದಿಟ್ಟುಕೊಂಡ. ಅರ್ಧ ತೆರೆದ ಬಲೆಚೀಲದಿಂದ ಪಾಸ್ತಾ ಪೊಟ್ಟಣಗಳು, ಟೊಮೆಟೊ, ಈರುಳ್ಳಿ, ದೊಣ್ಣೆಮೆಣಸಿನಕಾಯಿ ಹೊರಚೆಲ್ಲಿವೆ. ಕೆಂಪು ಹಿನ್ನೆಲೆಯಲ್ಲಿ ಹಳದಿ, ಹಸಿರು. ಚೀಲ ಆಗತಾನೆ ಸಂತೆಯಿಂದ ಬಂದಿರುವುದನ್ನು, ಹಾಗಾಗಿ ತಾಜಾತನವನ್ನು ಸೂಚಿಸುತ್ತದೆ. ಬಣ್ಣಗಳೂ ತರಕಾರಿಗಳೂ ಕೂಡಿ ‘ಇಟಲಿತನ’ವನ್ನು ಸೂಚಿಸುತ್ತವೆ. ಬಾರ್ಥ್ ಸೇರಿಸಿದ ಸೂಕ್ಷ್ಮ ಇಲ್ಲಿದೆ: ಈ ಇಟಲಿತನ ಕಾಣುವುದು ಫ್ರೆಂಚರ ಕಣ್ಣಿಗೆ. ಇಟಲಿಯವನಿಗೆ ಟೊಮೆಟೊ ಬರಿಯ ಟೊಮೆಟೊ. ಸಂಕೇತದ ಅರ್ಥ ವಸ್ತುವಿನಲ್ಲಿಲ್ಲ, ನೋಡುವವನ ನೆಲೆಯಲ್ಲಿದೆ. ಅರವತ್ತು ವರ್ಷಗಳ ಹಿಂದೆಯೇ ಹೇಳಲಾದ ಈ ಪ್ರಾಥಮಿಕ ಪಾಠವನ್ನು ಆ ಅಂಕಪಟ್ಟಿ ಸಿದ್ಧಪಡಿಸಿದವರು ಓದಿದ್ದಂತೆ ತೋರುವುದಿಲ್ಲ.

ಬಾರ್ಥ್‌ನ ಶಿಷ್ಯ ಜಾರ್ಜ್ ಪೆನಿನು ಪ್ಯಾರಿಸ್ಸಿನ ಪ್ರಮುಖ ಜಾಹೀರಾತು ಸಂಸ್ಥೆಯಲ್ಲಿ ಈ ವಿದ್ಯೆಯನ್ನು ಕಾರ್ಯರೂಪಕ್ಕೆ ತಂದ. 1980ರ ದಶಕದ ಕೊನೆಗೆ ಲಂಡನ್ನಿನಲ್ಲಿ ವರ್ಜೀನಿಯಾ ವ್ಯಾಲೆಂಟೈನ್ ಇದಕ್ಕಾಗಿಯೇ ‘ಸೆಮಿಯಾಟಿಕ್ ಸಲ್ಯೂಷನ್ಸ್’ ಎಂಬ ಸಂಸ್ಥೆ ಕಟ್ಟಿದರು. ಗ್ರಾಹಕನನ್ನು ಕೂರಿಸಿಕೊಂಡು ‘ನಿಮಗೆ ಈ ಪೊಟ್ಟಣ ಹಿಡಿಸಿತೇ’ ಎಂದು ಕೇಳುವುದು ಅಂದಿನ ಸಮೀಕ್ಷೆಯ ಕ್ರಮ. ಗ್ರಾಹಕನನ್ನು ಕೇಳಬೇಡಿ, ಅವನ ತಲೆಯೊಳಗೆ ಆ ಉತ್ತರವನ್ನು ಇಟ್ಟ ಸಂಸ್ಕೃತಿಯನ್ನು ಕೇಳಿ ಎಂಬುದು ಈ ಹೊಸಬರ ವಾದ.

ಇವರ ಅತ್ಯಂತ ಸೊಗಸಾದ ಕೆಲಸ ನಡೆದದ್ದು ರೈಲಿನಲ್ಲಿ. ಫ್ರಾನ್ಸಿನ ಜಾಂ-ಮರಿ ಫ್ಲೋಷ್ ಪ್ಯಾರಿಸ್ ಮೆಟ್ರೋ ಪ್ರಯಾಣಿಕರ ನಡೆದಾಟವನ್ನೇ ಒಂದು ಪಠ್ಯವೆಂದು ಭಾವಿಸಿ ಓದಿದ. ಪ್ರತಿ ತಿರುವನ್ನೂ ಗಮನಿಸುತ್ತ ದಾರಿ ಅಳೆಯುವವರು, ಎಲ್ಲ ಬಲ್ಲವರಂತೆ ಸರಕ್ಕನೆ ಜಾರಿಹೋಗುವ ನುರಿತವರು, ನಿದ್ದೆಯಲ್ಲಿ ನಡೆಯುವವರಂತೆ ಸಾಗುವವರು, ಸುಮ್ಮನೆ ಅಡ್ಡಾಡುವವರು ಎಂದು ಅವರನ್ನು ವಿಂಗಡಿಸಿದ. ಒಂದೇ ಫಲಕ ಈ ನಾಲ್ವರಿಗೆ ನಾಲ್ಕು ಅರ್ಥ ಕೊಡುತ್ತದೆ ಎಂಬುದು ಸಂಸ್ಥೆಗೆ ದೊರೆತ ತಿಳಿವಳಿಕೆ.

ನಮ್ಮ ಮೆಟ್ರೋದಲ್ಲಿ ಅಂಥ ಅಧ್ಯಯನ ನಡೆದಿದ್ದರೆ ಏನಾಗುತ್ತಿತ್ತೋ. 2017ರಲ್ಲಿ ಬೆಂಗಳೂರಿನ ನಿಲ್ದಾಣಗಳ ಫಲಕಗಳಲ್ಲಿ ಕನ್ನಡ, ಇಂಗ್ಲಿಷ್ ಜೊತೆಗೆ ಮೂರನೆಯ ಸಾಲಾಗಿ ಹಿಂದಿ ಕಂಡಾಗ ಎದ್ದ ಪ್ರತಿಭಟನೆಯನ್ನು ನೆನೆಯಿರಿ. ವಾಚ್ಯಾರ್ಥದಲ್ಲಿ ಆ ಸಾಲು ನಿಲ್ದಾಣದ ಹೆಸರನ್ನಷ್ಟೇ ಹೇಳುತ್ತಿತ್ತು. ‘ಹೆಸರು ಓದಲು ಇನ್ನೊಂದು ಲಿಪಿ ಸೇರಿದರೆ ನಿಮಗೇನು ನಷ್ಟ’ ಎಂದು ಕೇಳಿದವರು ವಾಚ್ಯಾರ್ಥದಲ್ಲೇ ನಿಂತವರು. ಪ್ರತಿಭಟಿಸಿದವರು ಓದಿದ್ದು ಎರಡನೆಯ ಅರ್ಥವನ್ನು: ರಾಜ್ಯ ರಾಜಧಾನಿಯ ನೆಲದಲ್ಲಿ ಯಾರ ಮಾತು ಎಂದಿನಿಂದ ತಾನಾಗಿ ಸೇರಿಕೊಳ್ಳುತ್ತದೆ, ಯಾರದನ್ನು ಕೇಳಿ ಪಡೆಯಬೇಕಾಗುತ್ತದೆ ಎಂಬ ಅರ್ಥ. ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಕೇಂದ್ರಕ್ಕೆ ಪತ್ರ ಬರೆದರು, ಹಿಂದಿ ಸಾಲುಗಳು ಮರೆಯಾದವು. ಫಲಕ ಬರೆಸಿದ ಇಂಜಿನಿಯರುಗಳು ದುರುದ್ದೇಶದವರಲ್ಲ. ತಾವು ಹೆಸರಿನ ಹಲಗೆ ನೆಡುತ್ತಿದ್ದೇವೆಂದು ಅವರು ತಿಳಿದಿದ್ದರು, ಅಷ್ಟೆ.

ಸಂಕೇತಜ್ಞರ ದೈನಂದಿನ ಕೆಲಸ ಹೇಗಿರುತ್ತದೆ? ಕೆಲಸ ಒಪ್ಪಿಸುವವರು ಸಾಮಾನ್ಯವಾಗಿ ಕಂಪನಿಯವರು. ಒಂದು ಕಾಫಿಪುಡಿಯೆನ್ನಿ. ಅದರ ಪೊಟ್ಟಣ, ಅದರ ಪ್ರತಿಸ್ಪರ್ಧಿಗಳ ಪೊಟ್ಟಣ, ಇಪ್ಪತ್ತು ಮೂವತ್ತು ವರ್ಷಗಳ ಜಾಹೀರಾತುಗಳು, ಸಿನಿಮಾಗಳಲ್ಲಿ ಕಾಫಿ ಕುಡಿಯುವ ದೃಶ್ಯಗಳು, ಹೋಟೆಲ್ಲಿನ ಗೋಡೆಗಳು ಎಲ್ಲವನ್ನೂ ಕಲೆಹಾಕುತ್ತಾರೆ. ಆಮೇಲೆ ಬದಲಿಸಿ ನೋಡುವ ಪರೀಕ್ಷೆ. ಚಿತ್ರದಲ್ಲಿರುವ ಹಿತ್ತಾಳೆಯ ಲೋಟ-ಬಟ್ಟಲಿನ ಜಾಗದಲ್ಲಿ ಪಿಂಗಾಣಿಯ ಮಗ್ ಇಟ್ಟರೆ ಏನು ಕಳೆಯಿತು, ಏನು ಕೂಡಿತು? ಲೋಟ ಹೋದೊಡನೆ ಅಜ್ಜಿ ಹೋದಳು, ಬೆಳಗಿನ ಆಕಾಶವಾಣಿ ಹೋಯಿತು, ಬಹುಶಃ ಒಂದು ಜಾತಿಯ ಅಡುಗೆಮನೆಯೂ ಹೋಯಿತು. ಮಗ್ ಬಂದೊಡನೆ ಒಂಟಿತನ ಬಂತು, ಕಿಟಕಿ ಬಂತು, ಕಚೇರಿಯ ಲ್ಯಾಪ್‌ಟಾಪ್ ಬಂತು. ಲೋಟದಲ್ಲಿ ಜಾತಿ ಅಡಗಿದೆ ಎಂದು ಯಾವ ಗ್ರಾಹಕನೂ ಸಮೀಕ್ಷೆಯವರಿಗೆ ಹೇಳುವುದಿಲ್ಲ. ಕಂಪನಿಗೂ ಅದನ್ನು ಕೇಳಲು ಇಷ್ಟವಿರುವುದಿಲ್ಲ. ಹೇಳುವ ಧೈರ್ಯವಿರುವುದೇ ಈ ವೃತ್ತಿಯವನ ಮೊದಲ ಅರ್ಹತೆ.

ಬ್ರಿಟನ್ನಿನ ಚಿಂತಕ ರೇಮಂಡ್ ವಿಲಿಯಮ್ಸ್ ಸಂಸ್ಕೃತಿಯಲ್ಲಿ ಹಿಂದಿನಿಂದ ಉಳಿದುಬಂದದ್ದು, ಇಂದು ಪ್ರಬಲವಾಗಿರುವುದು, ಹೊಸದಾಗಿ ಹೊಮ್ಮುತ್ತಿರುವುದು ಎಂಬ ಮೂರು ಪದರಗಳನ್ನು ಗುರುತಿಸಿದ್ದ. ಮಾರ್ಕ್ಸ್‌ವಾದಿಯಾದ ಅವನ ಈ ವಿಂಗಡಣೆ ಇಂದು ಶಾಂಪೂ ಮಾರುವವರ ಕೈಪಿಡಿಯಲ್ಲಿ ನೆಲೆಯೂರಿದೆ. ಬಂಡವಾಳವನ್ನು ಬಯಲಿಗೆಳೆಯಲು ಹುಟ್ಟಿದ ಸಲಕರಣೆ ಬಂಡವಾಳದ ಮನೆಯಾಳಾದ ಕತೆ ಇದು. ಬಾರ್ಥ್ ಕೂಡ ಜಾಹೀರಾತನ್ನು ಓದಿದ್ದು ಮಧ್ಯಮವರ್ಗ ತನ್ನ ಹಿತಾಸಕ್ತಿಯನ್ನು ಪ್ರಕೃತಿನಿಯಮವೆಂಬಂತೆ ಹೇಗೆ ತೋರಿಸಿಕೊಳ್ಳುತ್ತದೆ ಎಂದು ಬಯಲು ಮಾಡಲು. ಇವನ ವಾರಸುದಾರರು ಅದನ್ನೇ ಇನ್ನಷ್ಟು ಜಾಣತನದಿಂದ ತೋರಿಸಿಕೊಡಲು ಓದುತ್ತಾರೆ. ಹಾಗೆಂದು ಇಡೀ ವೃತ್ತಿಯನ್ನು ಹಳಿಯುವುದು ಸುಲಭದ ದಾರಿ. ಮುಖಕ್ಕೆ ಹಚ್ಚುವ ಕ್ರೀಮಿನ ಉದಾಹರಣೆ ನೋಡಿ. 1975ರಿಂದ ಮಾರಾಟವಾಗುತ್ತಿದ್ದ ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ ಆಯಿತು. ಬಿಳುಪು ಹೋಗಿ ಹೊಳಪು ಬಂತು. ಸೂಚಕ ಬದಲಾಯಿತು, ಸೂಚಿತ ಇದ್ದಲ್ಲೇ ಇದೆ ಎಂದು ಎರಡು ವಾಕ್ಯಗಳಲ್ಲಿ ತೋರಿಸಿಕೊಡಬಲ್ಲ ಸಲಕರಣೆ ಕೂಡ ಇದೇ ಶಾಸ್ತ್ರದ್ದು. ಕತ್ತಿ ಯಾರ ಕೈಯಲ್ಲಿದೆ ಎಂಬುದೇ ಪ್ರಶ್ನೆ.

ಭಾರತದಲ್ಲಿ ಈ ವೃತ್ತಿಗೆ ಬೇಡಿಕೆ ಏರಿದ್ದರ ಹಿಂದೆ ಭಯವೂ ಇದೆ. 2020ರ ಅಕ್ಟೋಬರಿನಲ್ಲಿ ಆಭರಣದ ಕಂಪನಿಯೊಂದು ಮುಸ್ಲಿಂ ಮನೆಯ ಹಿಂದೂ ಸೊಸೆಗೆ ಅತ್ತೆ ಸೀಮಂತ ಮಾಡುವ ಜಾಹೀರಾತನ್ನು ಪ್ರಸಾರ ಮಾಡಿ ವಾರದೊಳಗೇ ಹಿಂತೆಗೆದುಕೊಂಡಿತು. ಮರುವರ್ಷ ದೀಪಾವಳಿಯ ಹೊತ್ತಿಗೆ ಬಟ್ಟೆಯ ಕಂಪನಿಯೊಂದು ತನ್ನ ಉಡುಪಿನ ಸಂಗ್ರಹಕ್ಕೆ ‘ಜಶ್ನ್-ಎ-ರಿವಾಜ್’ ಎಂಬ ಉರ್ದು ಹೆಸರಿಟ್ಟದ್ದೇ ತಪ್ಪಾಯಿತು. ಸೀಮಂತದ ಚಿತ್ರವನ್ನು ಪ್ರೀತಿಯೆಂದು ಓದಿದವರೂ ಇದ್ದರು, ‘ಲವ್ ಜಿಹಾದ್’ ಎಂದು ಓದಿದವರೂ ಇದ್ದರು. ಎರಡನೆಯ ಓದು ಗೆದ್ದದ್ದು ಅದು ಹೆಚ್ಚು ಸರಿಯಾಗಿತ್ತೆಂಬ ಕಾರಣಕ್ಕಲ್ಲ, ಅದರ ಹಿಂದೆ ಅಂಗಡಿಯ ಗಾಜು ಒಡೆಯಬಲ್ಲ ಬಲವಿದೆ ಎಂಬ ಅಂಜಿಕೆಗೆ. ಅಂದಿನಿಂದ ಸಂಕೇತಜ್ಞನ ಮುಂದೆ ಕಂಪನಿಗಳಿಡುವ ಪ್ರಶ್ನೆಯೇ ಬದಲಾಗಿದೆ. ಈ ಚಿತ್ರ ಏನನ್ನು ಹೇಳುತ್ತದೆ ಎಂದು ಕೇಳುವ ಬದಲು ಯಾರಿಗೆ ಸಿಟ್ಟು ತರಿಸೀತು ಎಂದು ಕೇಳುತ್ತಾರೆ. ಅರ್ಥ ಹೇಳುವವನು ಅಪಾಯ ಎಣಿಸುವವನಾದರೆ ಎಲ್ಲ ಜಾಹೀರಾತುಗಳಲ್ಲೂ ಒಂದೇ ಮನೆ, ಒಂದೇ ಹಬ್ಬ, ಒಂದೇ ಸೊಸೆ ಉಳಿಯುತ್ತಾರೆ.

ಕರ್ನಾಟಕ ಸರ್ಕಾರವೂ 2025ರ ಮೇ ತಿಂಗಳಿನಲ್ಲಿ ಇಂಥದೊಂದು ಸುಳಿಗೆ ಸಿಕ್ಕಿತು. ಮೈಸೂರು ಸ್ಯಾಂಡಲ್ ಸಾಬೂನಿನ ಪ್ರಚಾರಕ್ಕೆ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಗಳ ಅವಧಿಗೆ ₹6.2 ಕೋಟಿಗೆ ನೇಮಿಸಿಕೊಂಡದ್ದು ವಿವಾದವಾಯಿತು. ಹೊರ ರಾಜ್ಯಗಳ ಮಾರುಕಟ್ಟೆಗೆ ದೇಶವ್ಯಾಪಿ ಪರಿಚಿತ ಮುಖ ಬೇಕು ಎಂದು ಸಚಿವ ಎಂ.ಬಿ. ಪಾಟೀಲ ಸಮರ್ಥಿಸಿಕೊಂಡರು. ವ್ಯಾಪಾರದ ಲೆಕ್ಕದಲ್ಲಿ ಅವರ ಮಾತು ತಪ್ಪಲ್ಲ. ಆದರೆ ಆ ಸಾಬೂನು ಕನ್ನಡಿಗರಿಗೆ ಸಾಬೂನು ಮಾತ್ರವಲ್ಲ. ನಾಲ್ವಡಿಯವರ ಕಾಲ, ವಿಶ್ವೇಶ್ವರಯ್ಯನವರ ದಿವಾನಗಿರಿ, ಮೊದಲ ಮಹಾಯುದ್ಧದಲ್ಲಿ ರಫ್ತಾಗದೆ ಉಳಿದ ಶ್ರೀಗಂಧ, ಪೊಟ್ಟಣದ ಮೇಲೆ ಸಿಂಹದ ದೇಹಕ್ಕೆ ಆನೆಯ ತಲೆ ಹೊತ್ತ ಶರಭ, ಊರಿಗೆ ಹೋಗುವಾಗ ನೆಂಟರಿಗೆ ಒಯ್ಯುವ ಡಬ್ಬಿ, ಇಷ್ಟೂ ಅದರಲ್ಲಿವೆ. ಆ ಡಬ್ಬಿಯ ಮೇಲೆ ಹೊರಗಿನ ಮುಖ ಬಂದಾಗ ಒಳಗಿನವರಿಗೆ ಚುಚ್ಚಿದ್ದು ಏನು ಎಂದು ಮುಂಚಿತವಾಗಿ ಓದಿ ಹೇಳಬಲ್ಲ ಕನ್ನಡದ ಕಣ್ಣು ಆ ಕೋಣೆಯಲ್ಲಿರಬೇಕಿತ್ತು. ನಟಿಯ ಮೇಲೆ ಹರಿಹಾಯ್ದವರ ಮಾತಿನ ಧಾಟಿಯನ್ನು ನಾನು ಒಪ್ಪುವುದಿಲ್ಲ. ಅವರ ಓದು ಆಧಾರವಿಲ್ಲದ್ದೆಂದೂ ಹೇಳಲಾರೆ.

ಇಲ್ಲೊಂದು ಪ್ರಾಯೋಗಿಕ ತೊಡಕಿದೆ. ಈ ವೃತ್ತಿಯ ವರದಿಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಬರೆಯಲ್ಪಡುತ್ತವೆ, ಮಹಾನಗರದಲ್ಲಿ ಕುಳಿತು ಬರೆಯಲ್ಪಡುತ್ತವೆ. ‘ದಕ್ಷಿಣ’ ಎಂಬ ಒಂದೇ ತಲೆಬರಹದಡಿ ಬಾಳೆ ಎಲೆ, ಮಲ್ಲಿಗೆ, ದೇವಾಲಯದ ಗೋಪುರ ಇಟ್ಟು ಕೈತೊಳೆದುಕೊಂಡ ಜಾಹೀರಾತುಗಳನ್ನು ನಾವೆಲ್ಲ ನೋಡಿಯೇ ಇದ್ದೇವೆ. ಬೀದರಿನವನಿಗೂ ಪುತ್ತೂರಿನವನಿಗೂ ಬಾಳೆ ಎಲೆ ಒಂದೇ ಅರ್ಥ ಕೊಡುವುದಿಲ್ಲ. ಬಾರ್ಥ್ ಕಂಡ ಇಟಲಿತನದ ಹಾಗೆ ಇದು ಹೊರಗಿನವರ ‘ದಕ್ಷಿಣತನ’.

ಸಂಕೇತಜ್ಞರು ತಮ್ಮ ಶಾಸ್ತ್ರದ ಮಿತಿಯನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡ ಒಂದು ಸಂದರ್ಭವನ್ನು ಇಲ್ಲಿ ನೆನೆಯಬೇಕು. 1980ರ ದಶಕದ ಆರಂಭದಲ್ಲಿ ಅಮೆರಿಕದ ಇಂಧನ ಇಲಾಖೆಗೆ ಒಂದು ಚಿಂತೆ. ಅಣುತ್ಯಾಜ್ಯವನ್ನು ಭೂಗತ ಮಾಡಿದರೆ ಅದು ಹತ್ತು ಸಾವಿರ ವರ್ಷ ಅಪಾಯಕಾರಿ. ಇಲ್ಲಿ ಅಗೆಯಬೇಡಿ ಎಂದು ಅಷ್ಟು ದೂರದ ಮನುಷ್ಯರಿಗೆ ಯಾವ ಭಾಷೆಯಲ್ಲಿ, ಯಾವ ಗುರುತಿನಲ್ಲಿ ಹೇಳುವುದು? ಈ ಪ್ರಶ್ನೆಗೆ 1984ರಲ್ಲಿ ವರದಿ ಕೊಟ್ಟವರು ಆ ಕಾಲದ ಅಗ್ರಗಣ್ಯ ಸಂಕೇತಜ್ಞ ಥಾಮಸ್ ಸೆಬಿಯೊಕ್. ತಲೆಬುರುಡೆಯೋ ಮುಳ್ಳಿನ ಚಿತ್ರವೋ ಎಲ್ಲ ಕಾಲಕ್ಕೂ ಅರ್ಥವಾಗುತ್ತದೆ ಎಂದು ಭರವಸೆ ಕೊಟ್ಟು ಸಂಭಾವನೆ ಪಡೆಯಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಯಾವ ಗುರುತಿನ ಅರ್ಥವೂ ಅಷ್ಟು ಕಾಲ ಬಾಳುವುದಿಲ್ಲ, ಆದ್ದರಿಂದ ಕೆಲವು ತಲೆಮಾರುಗಳಿಗೊಮ್ಮೆ ಸಂದೇಶವನ್ನು ಅಂದಿನ ಭಾಷೆಗೆ ಹೊಸದಾಗಿ ಬರೆಯಿಸುವ ಏರ್ಪಾಡು ಬೇಕು ಎಂದರು. ಆ ನೆನಪನ್ನು ಕಾಪಾಡಲು ಒಂದು ‘ಅಣು ಪುರೋಹಿತ ವರ್ಗ’ ಬೇಕಾದೀತು ಎಂಬ ವಿಚಿತ್ರ ಸಲಹೆಯೂ ಅದರಲ್ಲಿತ್ತು. ಪುರೋಹಿತ ವರ್ಗದ ಅನುಭವವಿರುವ ನಮಗೆ ಆ ಭಾಗ ಓದಿ ನಗು ಬರಬಹುದು.

ಇದು ಹತ್ತು ಸಾವಿರ ವರ್ಷಗಳಾಚೆಯ ಸಮಸ್ಯೆಯೇನಲ್ಲ. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಪಾಳುಬಿದ್ದ ಚಿಕಿತ್ಸಾಲಯದಿಂದ ವಿಕಿರಣ ಯಂತ್ರವನ್ನು ಗುಜರಿಗೆ ಒಯ್ದವರಿಗೆ ಅದರೊಳಗಿನ ನೀಲಿ ಹೊಳಪು ಅದ್ಭುತವೆನಿಸಿತು, ನಾಲ್ವರು ಸತ್ತರು. 2010ರಲ್ಲಿ ದೆಹಲಿಯ ಮಾಯಾಪುರಿಯ ಗುಜರಿ ಮಾರುಕಟ್ಟೆಗೆ ವಿಶ್ವವಿದ್ಯಾಲಯವೊಂದರ ಹಳೆಯ ಉಪಕರಣ ಹರಾಜಿನ ಮೂಲಕ ಬಂದು, ಅದರೊಳಗಿನ ಕೋಬಾಲ್ಟ್ ಒಬ್ಬ ಕಾರ್ಮಿಕನನ್ನು ಬಲಿತೆಗೆದುಕೊಂಡಿತು. ಮೂರೆಸಳಿನ ವಿಕಿರಣದ ಗುರುತನ್ನು ಓದಲು ವಿಜ್ಞಾನದ ಪಾಠ ಬೇಕು. ಅದಿಲ್ಲದವನಿಗೆ ಅದು ಫ್ಯಾನಿನ ಚಿತ್ರ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಇದನ್ನು ಮನಗಂಡು 11 ದೇಶಗಳ ಜನರ ನಡುವೆ ಐದು ವರ್ಷ ಪರೀಕ್ಷಿಸಿ, ಅಲೆಗಳು, ತಲೆಬುರುಡೆ ಮತ್ತು ಓಡುತ್ತಿರುವ ಮನುಷ್ಯ ಇರುವ ಹೊಸ ಗುರುತನ್ನು 2007ರಲ್ಲಿ ಹೊರತಂದಿತು. ಒಂದು ಚಿತ್ರದ ಅರ್ಥ ನಿಶ್ಚಯಿಸಲು 11 ದೇಶ, ಐದು ವರ್ಷ. ಒಬ್ಬ ಮನುಷ್ಯನ ಹಚ್ಚೆಯ ಅರ್ಥ ನಿಶ್ಚಯಿಸಲು ಒಂದು ಕಾಗದ, ಕೆಲವು ನಿಮಿಷ.

ನಮ್ಮ ದೇಶದಲ್ಲಿ ಈ ಪ್ರಶ್ನೆ ಎದುರಾಗುವ ಜಾಗ ಪೊಲೀಸ್ ಠಾಣೆ. 2025ರ ಜನವರಿಯಲ್ಲಿ ಗುಜರಾತಿನ ಜಾಮನಗರದ ಪೊಲೀಸರು ರಾಜ್ಯಸಭಾ ಸದಸ್ಯ ಇಮ್ರಾನ್ ಪ್ರತಾಪಗಢಿ ಅವರ ಮೇಲೆ, ವಿಡಿಯೊದ ಹಿನ್ನೆಲೆಯಲ್ಲಿ ಕೇಳಿಬಂದ ಒಂದು ಉರ್ದು ಪದ್ಯಕ್ಕಾಗಿ ಎಫ್‌ಐಆರ್ ದಾಖಲಿಸಿದರು. ಗುಜರಾತ್ ಹೈಕೋರ್ಟ್ ಅದನ್ನು ರದ್ದುಪಡಿಸಲು ಒಪ್ಪಲಿಲ್ಲ. ಮಾರ್ಚ್ 28ರಂದು ನ್ಯಾಯಮೂರ್ತಿಗಳಾದ ಅಭಯ್ ಎಸ್. ಓಕಾ ಮತ್ತು ಉಜ್ಜಲ್ ಭುಯಾನ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಆ ಪದ್ಯವನ್ನು ತಾನೇ ಓದಿ, ಅದು ಹಿಂಸೆಯನ್ನಲ್ಲ ಅಹಿಂಸೆಯನ್ನು ಹೇಳುತ್ತದೆ ಎಂದು ಕಂಡು ಎಫ್‌ಐಆರ್ ರದ್ದು ಮಾಡಿತು. ಮಾತಿನ ಪರಿಣಾಮವನ್ನು ದುರ್ಬಲ, ಚಂಚಲ ಮನಸ್ಸಿನವರ ಅಳತೆಯಿಂದಲ್ಲ, ವಿವೇಕಿಗಳಾದ ಗಟ್ಟಿ ಮನಸ್ಸಿನವರ ಅಳತೆಯಿಂದ ನೋಡಬೇಕು ಎಂದಿತು. ಸಂಸ್ಕೃತ ಆಲಂಕಾರಿಕರು ಸಹೃದಯ ಎಂದು ಕರೆದವನನ್ನೇ ನ್ಯಾಯಾಲಯ ಬೇರೆ ಹೆಸರಿನಿಂದ ಕರೆದಂತಾಯಿತು.

ಎರಡು ತಿಂಗಳೂ ಕಳೆಯುವ ಮೊದಲು, ಮೇ 21ರಂದು, ಅದೇ ನ್ಯಾಯಾಲಯದ ಬೇರೊಂದು ಪೀಠ ಅಶೋಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಲಿ ಖಾನ್ ಮಹಮೂದಾಬಾದ್ ಅವರ ಎರಡು ಬರಹಗಳ ಭಾಷೆಯ ಸಂಕೀರ್ಣತೆಯನ್ನು ಸಮಗ್ರವಾಗಿ ಅರಿಯಲು ಮೂವರು ಐಪಿಎಸ್ ಅಧಿಕಾರಿಗಳ ವಿಶೇಷ ತನಿಖಾ ತಂಡ ರಚಿಸಲು ಆದೇಶಿಸಿತು. ಬೆರಳಚ್ಚು ಓದಲು ಬೆರಳಚ್ಚು ತಜ್ಞ ಬೇಕು, ಗುಂಡಿನ ಗುರುತು ಓದಲು ಅದರ ತಜ್ಞ ಬೇಕು, ವಾಕ್ಯದ ಧ್ವನಿ ಓದಲು ಮಾತ್ರ ಐಪಿಎಸ್ ಸಾಕು ಎಂಬ ನಂಬಿಕೆ ಎಲ್ಲಿಂದ ಬಂತು? ಆ ಅಧಿಕಾರಿಗಳ ಪ್ರಾಮಾಣಿಕತೆಯನ್ನು ನಾನು ಶಂಕಿಸುತ್ತಿಲ್ಲ. ಅಪರಾಧ ಹುಡುಕಲು ತರಬೇತಾದ ಕಣ್ಣು ಪಠ್ಯದಲ್ಲೂ ಅಪರಾಧವನ್ನೇ ಹುಡುಕುತ್ತದೆ. ಹಚ್ಚೆ ಓದಿದ ವಲಸೆ ಅಧಿಕಾರಿಯ ಕಷ್ಟವೂ ಅದೇ.

ಕಾನೂನಿನಲ್ಲಿ ದಾರಿ ಇಲ್ಲದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮು, ತಜ್ಞರ ಅಭಿಪ್ರಾಯವನ್ನು ವಿಜ್ಞಾನ, ಕಲೆಗಳ ಜೊತೆಗೆ ‘ಬೇರಾವುದೇ ಕ್ಷೇತ್ರ’ಕ್ಕೂ ವಿಸ್ತರಿಸಿದೆ. ಹಳೆಯ ಕಾಯ್ದೆಯ 45ನೇ ಕಲಮಿನಲ್ಲಿ ಈ ಪದಗಳಿರಲಿಲ್ಲ. ಭಾಷಾವಿಜ್ಞಾನಿ, ಜಾನಪದ ವಿದ್ವಾಂಸ, ಸಂಕೇತಜ್ಞ ಸಾಕ್ಷಿಕಟ್ಟೆಗೆ ಬರಲು ಬಾಗಿಲು ಇಲ್ಲಿದೆ. ಹಾಗೆಯೇ ನಾಗರಿಕ ಸುರಕ್ಷಾ ಸಂಹಿತೆಯ 173(3)ನೇ ಕಲಮು, ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಆರೋಪಗಳಲ್ಲಿ ಎಫ್‌ಐಆರ್‌ಗೆ ಮುನ್ನ 14 ದಿನಗಳ ಪ್ರಾಥಮಿಕ ವಿಚಾರಣೆಗೆ ಅವಕಾಶ ಕೊಟ್ಟಿದೆ. ಮಾತು, ಬರಹದ ಪ್ರಕರಣಗಳಲ್ಲಿ ಇದನ್ನು ಬಳಸುವುದು ಉಚಿತವೆಂದು ಪ್ರತಾಪಗಢಿ ತೀರ್ಪೇ ಹೇಳಿದೆ. ಆ 14 ದಿನಗಳಲ್ಲಿ ಆ ಭಾಷೆಯ ಒಬ್ಬ ಅಧ್ಯಾಪಕನ ಲಿಖಿತ ಅಭಿಪ್ರಾಯ ಪಡೆಯಲು ಯಾವ ಹೊಸ ಕಾಯ್ದೆಯೂ ಬೇಕಿಲ್ಲ, ಗೃಹ ಇಲಾಖೆಯ ಒಂದು ಸುತ್ತೋಲೆ ಸಾಕು. ಕರ್ನಾಟಕವೇ ಇದನ್ನು ಮೊದಲು ಮಾಡಬಹುದು.

ಕ್ಯಾಲಿಫೋರ್ನಿಯಾ ರಾಜ್ಯ 2022ರಲ್ಲಿ ಇಂಥದೊಂದು ಹೆಜ್ಜೆ ಇಟ್ಟಿತು. ರ್‍ಯಾಪ್ ಹಾಡುಗಳ ಸಾಲುಗಳನ್ನು ತಪ್ಪೊಪ್ಪಿಗೆಯೆಂಬಂತೆ ಸಾಕ್ಷ್ಯವಾಗಿ ಬಳಸುವ ಚಾಳಿ ಅಲ್ಲಿತ್ತು. ಹಾಡಿನ ಅರ್ಥ ಹೇಳುತ್ತಿದ್ದವರು ಬಹುಪಾಲು ಪೊಲೀಸರೇ. ಸೃಜನಶೀಲ ಅಭಿವ್ಯಕ್ತಿಯನ್ನು ಸಾಕ್ಷ್ಯವಾಗಿ ಸ್ವೀಕರಿಸುವ ಮೊದಲು ಆ ಪ್ರಕಾರದ ಸಾಮಾಜಿಕ ಸಂದರ್ಭ, ರೂಢಿ, ತಂತ್ರಗಳನ್ನು ಬಲ್ಲವರ ಸಾಕ್ಷ್ಯವನ್ನು ನ್ಯಾಯಾಲಯ ಪರಿಗಣಿಸಬೇಕೆಂದು ಹೊಸ ಕಾಯ್ದೆ ವಿಧಿಸಿತು.

ತಜ್ಞರನ್ನು ಕರೆದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ ಎಂಬುದೂ ನಿಜ. ಹಣ ಕೊಟ್ಟವರ ಪರ ಅರ್ಥ ಹೇಳುವ ತಜ್ಞ ಯಾವ ಕ್ಷೇತ್ರದಲ್ಲೂ ಸಿಗುತ್ತಾನೆ. ಅದಕ್ಕೇ ಈ ವೃತ್ತಿಯವರಿಗೆ ಕೆಲವು ಕಟ್ಟುಪಾಡು ಬೇಕು. ತಾನು ಕಂಡ ಅರ್ಥದ ಜೊತೆ ತಾನು ತಳ್ಳಿಹಾಕಿದ ಅರ್ಥಗಳನ್ನೂ, ತಳ್ಳಿಹಾಕಿದ್ದಕ್ಕೆ ಕಾರಣವನ್ನೂ ವರದಿಯಲ್ಲಿ ಬರೆಯಬೇಕು. ಆ ಭಾಷೆ, ಆ ಊರು, ಆ ಜಾತಿಯ ಒಳಗಿನವರನ್ನು ಕೇಳಿದ್ದೇನೆಯೇ ಎಂಬುದನ್ನು ತಿಳಿಸಬೇಕು. ಯಾರ ಸಂಕೇತವನ್ನು ಓದಲಾಯಿತೋ ಅವನಿಗೆ ಆ ಓದನ್ನು ತೋರಿಸಿ ಉತ್ತರ ಪಡೆಯಬೇಕು. ಮುಖಾಲಂಕಾರದ ಕಲಾವಿದನನ್ನು ವಿಮಾನ ಹತ್ತಿಸುವ ಮೊದಲು ನಿನ್ನ ಕಿರೀಟದ ಅರ್ಥವೇನು, ನಿನ್ನ ಊರಿನವರನ್ನು ಕೇಳೋಣವೇ ಎಂದು ಯಾರಾದರೂ ವಿಚಾರಿಸಿದ್ದರೆ ಸಾಕಿತ್ತು.

ನಮ್ಮ ಮನೆಬಾಗಿಲಿಗೂ ಇದು ಬಂದಾಗಿದೆ. 2025ರ ಜೂನ್‌ನಲ್ಲಿ ಅಮೆರಿಕ ವಿದ್ಯಾರ್ಥಿ ವೀಸಾ ಕೋರುವವರೆಲ್ಲ ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಸಾರ್ವಜನಿಕವಾಗಿ ತೆರೆದಿಡಬೇಕೆಂದು ಆದೇಶಿಸಿತು. ಆ ದೇಶದ ಜನ, ಸಂಸ್ಕೃತಿ, ಸರ್ಕಾರಗಳ ಬಗ್ಗೆ ಹಗೆತನದ ಸುಳಿವೇನಾದರೂ ಇದೆಯೇ ಎಂದು ರಾಯಭಾರ ಕಚೇರಿಯ ಅಧಿಕಾರಿಗಳು ಅವನ್ನು ಓದಬೇಕು. ಬೆಂಗಳೂರು, ಮೈಸೂರು, ಬೆಳಗಾವಿಗಳ ಇಂಜಿನಿಯರಿಂಗ್ ಕಾಲೇಜುಗಳಿಂದ ಹೊರಟ ಮಕ್ಕಳ ಹತ್ತು ವರ್ಷಗಳ ತಮಾಷೆ, ಸಿಟ್ಟು, ಸಿನಿಮಾ ಅಭಿಮಾನ ಎಲ್ಲವೂ ಆ ಮೇಜಿನ ಮೇಲೆ ಹರಡಿಕೊಳ್ಳುತ್ತವೆ. ಈ ಮಕ್ಕಳ ಕನ್ನಡದಲ್ಲಿ ಮೆಚ್ಚಿದ ಹಾಡಿಗೆ ‘ಬೆಂಕಿ’ ಎನ್ನುತ್ತಾರೆ. ಚೆನ್ನಾಗಿ ನಟಿಸಿದವನನ್ನು ‘ಚಿಂದಿ ಉಡಾಯಿಸಿಬಿಟ್ಟ’ ಎಂದು ಹೊಗಳುತ್ತಾರೆ. ಯಂತ್ರಾನುವಾದದಲ್ಲಿ ಈ ಎರಡು ಮಾತುಗಳು ಏನಾಗಿ ಕಂಡಾವು, ಓದುವ ಅಧಿಕಾರಿಯ ಪಕ್ಕದಲ್ಲಿ ಕನ್ನಡ ಬಲ್ಲವರೊಬ್ಬರು ಕುಳಿತಿದ್ದಾರೆಯೇ ಎಂದು ಕೇಳುವ ಅವಕಾಶ ಅರ್ಜಿದಾರನಿಗಿಲ್ಲ. ಸಿಕ್ಕಿಬಿದ್ದ ಮೇಲೆ ವಿವರಿಸಲು ಹೊರಡುವುದಕ್ಕಿಂತ ಮೊದಲೇ ಅಳಿಸಿಬಿಡುವುದು ಮೇಲು ಎಂದು ಎಷ್ಟೋ ಮಂದಿ ತಂದೆತಾಯಿಗಳು ಮಕ್ಕಳಿಗೆ ಹೇಳುತ್ತಿದ್ದಾರೆ.